ಟ್ರಯಥ್ಲಾನ್ ತಯಾರಿಯೂ ಮನೆಯ ಗಡಿಯಾರವೂ

ನಮ್ಮ ಊರುಗಳಲ್ಲಿ ಬೆಳಿಗ್ಗೆ ಓಡುವವರು, ಸೈಕಲ್ ತುಳಿಯುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ನಲವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಮನೆ ಮನೆಗೆ ಕಾಲಿಡುತ್ತಿರುವ ಈ ಕಾಲದಲ್ಲಿ ಒಬ್ಬ ವ್ಯಕ್ತಿ ಮೊಬೈಲ್ ಬದಿಗಿಟ್ಟು ಶೂ ಕಟ್ಟಿಕೊಂಡರೆ ಅದು ಇಡೀ ಕುಟುಂಬಕ್ಕೆ ಒಳ್ಳೆಯದೇ. ಇವರಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಟ್ರಯಥ್ಲಾನ್‌ಗೆ ತಯಾರಿ ನಡೆಸುತ್ತಿದ್ದಾರೆ. ಈಜು, ಸೈಕಲ್, ಓಟ ಈ ಮೂರನ್ನೂ ಒಂದೇ ದಿನ, ಒಂದರ ಹಿಂದೆ ಒಂದರಂತೆ ಮುಗಿಸುವ ಸ್ಪರ್ಧೆ ಇದು.

ದೀರ್ಘ ದೂರದ ಟ್ರಯಥ್ಲಾನ್ ಎಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 1978ರಲ್ಲಿ ಹವಾಯಿಯಲ್ಲಿ ಜಾನ್ ಮತ್ತು ಜೂಡಿ ಕಾಲಿನ್ಸ್ ಎಂಬ ದಂಪತಿಯ ಯೋಚನೆಯಿಂದ ಇದು ಶುರುವಾಯಿತು. ಆ ಮೊದಲ ವರ್ಷ ಹೊರಟವರು 15 ಮಂದಿ, ಮುಗಿಸಿದವರು 12. ಇದರ ಅರ್ಧದಷ್ಟು ದೂರದ ಸ್ಪರ್ಧೆಯೂ ಇದೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ನಮ್ಮ ನೆರೆಯ ಗೋವಾದಲ್ಲಿ 2019ರಲ್ಲಿ ಇದು ಆರಂಭವಾದ ಮೇಲೆ ಕರ್ನಾಟಕದಿಂದಲೂ ಅನೇಕರು ಅಲ್ಲಿಗೆ ಹೋಗುತ್ತಿದ್ದಾರೆ.

ಈ ಸಾಹಸವನ್ನು ಹುಚ್ಚು ಎಂದು ತಳ್ಳಿಹಾಕುವವರ ಜೊತೆ ನನ್ನ ಸಹಮತವಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಈ ತರಬೇತಿಗೆ ಬೇಕಾದ ಗಂಟೆಗಳು ಎಲ್ಲಿಂದ ಬರುತ್ತವೆ?

ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆಯಂತೆ ನಿದ್ದೆಗೆ 49. ವಾರದಲ್ಲಿ ಆರು ದಿನ, ದಿನಕ್ಕೆ 8 ಗಂಟೆಯಂತೆ ದುಡಿಮೆಗೆ 48. ಹೋಗಿಬರುವ ದಾರಿಗೆ 9. ಊಟ, ಸ್ನಾನ, ನಮಾಝ್ ಮುಂತಾದವಕ್ಕೆ ದಿನಕ್ಕೆ 3 ಗಂಟೆಯಂತೆ 21. ಇಷ್ಟಕ್ಕೆ 127 ಮುಗಿಯಿತು. ಉಳಿದದ್ದು 41 ಗಂಟೆ. ಮಕ್ಕಳ ಪಾಠ, ಹೆತ್ತವರ ಆಸ್ಪತ್ರೆ ಭೇಟಿ, ಮಾರುಕಟ್ಟೆ, ಬಂಧುಗಳ ಮದುವೆ, ಪತ್ನಿಯೊಂದಿಗೆ ಎರಡು ಮಾತು, ಎಲ್ಲವೂ ಇದರೊಳಗೇ ಆಗಬೇಕು. ಅರ್ಧ ದೂರದ ಸ್ಪರ್ಧೆಗೆ ವಾರಕ್ಕೆ 8ರಿಂದ 10 ಗಂಟೆ ತರಬೇತಿ ಬೇಕು. ಈಜುಕೊಳಕ್ಕೆ ಹೋಗಿಬರುವುದು, ಸೈಕಲ್ ಸಿದ್ಧಪಡಿಸುವುದು, ಬೆವರಿನ ಬಟ್ಟೆ ಒಗೆಯುವುದು, ದಣಿದು ಮಧ್ಯಾಹ್ನ ಮಲಗುವುದು ಸೇರಿದರೆ ಅದು 14 ಗಂಟೆ ದಾಟುತ್ತದೆ. ಉಳಿದ 41ರಲ್ಲಿ ಮೂರನೇ ಒಂದು ಭಾಗ ಇಲ್ಲಿಗೇ ಹೋಯಿತು. ಪೂರ್ಣ ದೂರದ ಸ್ಪರ್ಧೆಗಾದರೆ ಇನ್ನೂ ಹೆಚ್ಚು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ಆರೋಗ್ಯಕ್ಕಾಗಿ ಮಾಡುತ್ತಿದ್ದೇನೆ' ಎಂಬುದು. ಇಲ್ಲಿ ಸ್ವಲ್ಪ ಪ್ರಾಮಾಣಿಕವಾಗಿರೋಣ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ಕಠಿಣ ವ್ಯಾಯಾಮ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಆರೋಗ್ಯದ ಬೇಡಿಕೆ ಬಹುಮಟ್ಟಿಗೆ ಇಷ್ಟರಲ್ಲೇ ಪೂರೈಸುತ್ತದೆ. ಅದರಿಂದಾಚೆಗಿನದು ಹವ್ಯಾಸ. ಹವ್ಯಾಸ ತಪ್ಪಲ್ಲ. ಆದರೆ ಆರೋಗ್ಯದ ಹೆಸರಿನಲ್ಲಿ ಹವ್ಯಾಸಕ್ಕೆ ಸಮಯ ಕೇಳಿದರೆ ಮನೆಯವರಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಹವ್ಯಾಸವನ್ನು ಹವ್ಯಾಸವೆಂದೇ ಹೇಳಿ, ಅವರ ಒಪ್ಪಿಗೆ ಕೇಳುವುದು ನ್ಯಾಯ.

ಎರಡು ಮಕ್ಕಳ ತಂದೆಯೊಬ್ಬರು ಅರ್ಧ ದೂರಕ್ಕೆ ತಯಾರಾಗುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ವಾರ ಹೀಗಿರಬಹುದು. ಸೋಮವಾರ ಪೂರ್ಣ ವಿಶ್ರಾಂತಿ. ಮಂಗಳವಾರ ಫಜ್ರ್ ನಂತರ 45 ನಿಮಿಷ ಈಜು, ಮಕ್ಕಳು ಶಾಲೆಗೆ ಹೊರಡುವ ಮೊದಲು ಮನೆಗೆ. ಬುಧವಾರ 45 ನಿಮಿಷ ಓಟ, ನಡುವೆ ಕೆಲವು ನಿಮಿಷ ವೇಗವಾಗಿ. ಗುರುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಯಲ್ಲೇ ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ ಮೇಲೆ ಒಂದು ಗಂಟೆ. ಶುಕ್ರವಾರ ಬೆಳಿಗ್ಗೆ 45 ನಿಮಿಷ ಈಜು, ಸಂಜೆ ಮನೆಯಲ್ಲೇ 20 ನಿಮಿಷ ಬಸ್ಕಿ, ದಂಡ ಇತ್ಯಾದಿ. ಶನಿವಾರ ಮುಂಜಾನೆ ನಿಧಾನಗತಿಯಲ್ಲಿ ಒಂದೂವರೆ ಗಂಟೆ ಓಟ. ಭಾನುವಾರ 6 ಗಂಟೆಗೆ ಹೊರಟು 3 ಗಂಟೆ ಸೈಕಲ್, ಇಳಿದ ಕೂಡಲೇ 15 ನಿಮಿಷ ಓಟ, ಒಂಬತ್ತೂವರೆಗೆ ತಿಂಡಿಗೆ ಮನೆಯಲ್ಲಿ. ಒಟ್ಟು 8 ಗಂಟೆ 20 ನಿಮಿಷ.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಈ ವಾರವನ್ನು ಅವರ ಪತ್ನಿಯ ಕಡೆಯಿಂದ ಓದಿ ನೋಡಿ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬುತ್ತಿ ಕಟ್ಟುವವರು ಒಬ್ಬರೇ. ಶನಿವಾರ, ಭಾನುವಾರ 'ಅಬ್ಬ ಎಲ್ಲಿ?' ಎಂದು ಮಕ್ಕಳು ಕೇಳಿದಾಗ ಉತ್ತರಿಸುವವರೂ ಅವರೇ. ವಾರದ ರಜೆಯ ಬೆಳಗ್ಗೆ ಒಂದಿಷ್ಟು ಹೊತ್ತು ಹೆಚ್ಚು ಮಲಗುವ ಅವಕಾಶ ಪತಿಯ ತರಬೇತಿಯ ತಿಂಗಳುಗಳಲ್ಲಿ ಅವರಿಗಿಲ್ಲ. ತರಬೇತಿಯ ಗಂಟೆಗಳು ಆಕಾಶದಿಂದ ಉದುರುವುದಿಲ್ಲ. ಪತಿ ಮಾಡದೆ ಬಿಟ್ಟ ಕೆಲಸವನ್ನು ಮನೆಯಲ್ಲಿ ಬೇರೊಬ್ಬರು ಮಾಡಿದಾಗಲೇ ಅವು ಸಿಗುತ್ತವೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ತರಬೇತಿಯ ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಯ ಮೇಲೆ ಅಂಟಿಸಿ. ಆದರೆ ಅದರಲ್ಲಿ ಮೊದಲ ಸಾಲು ಪತ್ನಿಯದ್ದಾಗಿರಲಿ. ಅವರ 150 ನಿಮಿಷಗಳನ್ನು ಮೊದಲು ಬರೆಯಿರಿ, ಆಮೇಲೆ ನಿಮ್ಮ 500 ನಿಮಿಷಗಳನ್ನು ಜೋಡಿಸಿ. ಅವರು ನಡೆಯಲು ಹೋಗುವ ಹೊತ್ತಿಗೆ ಮಕ್ಕಳು ನಿಮ್ಮ ಜೊತೆ. ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಈಜುಕೊಳ ಊರಿನಲ್ಲಿದ್ದರೆ ಆ ಹೊತ್ತನ್ನು ಅವರಿಗೆ ಕಾದಿರಿಸಿ. ಸಹನಶಕ್ತಿ ಗಂಡಸರಿಗೆ ಮಾತ್ರ ಸೇರಿದ್ದು ಎಂಬ ಭಾವನೆಯೂ ಬೇಡ. ಹವಾಯಿಯ ಆ ಪೂರ್ಣ ದೂರವನ್ನು ಎರಡನೇ ವರ್ಷ, 1979ರಲ್ಲೇ ಲಿನ್ ಲೆಮೇರ್ ಎಂಬ ಮಹಿಳೆ ಪೂರೈಸಿದ್ದರು. ಭಾನುವಾರ ಮನೆಗೆ ಬಂದ ಮೇಲೆ 'ಸುಸ್ತಾಗಿದೆ' ಎಂದು ಮಲಗುವುದಾದರೆ ಅಂದಿನ ಸೈಕಲ್ ನಿಮ್ಮ ಶಕ್ತಿಗೆ ಮೀರಿದ್ದು ಎಂದೇ ಅರ್ಥ. ದೂರ ಕಡಿಮೆ ಮಾಡಿ. ಸಂಜೆ ಮಕ್ಕಳ ಜೊತೆ ಆಡಲು ಉಳಿಯುವಷ್ಟು ಶಕ್ತಿಯೂ ತರಬೇತಿಯ ಅಳತೆಗೋಲೇ.

ಸಮಯ ಸಾಲದಾದಾಗ ಹೆಚ್ಚಿನವರು ಮೊದಲು ಕತ್ತರಿಸುವುದು ನಿದ್ದೆಯನ್ನು. ಇದು ಎಲ್ಲಕ್ಕಿಂತ ದುಬಾರಿ. ವ್ಯಾಯಾಮದಲ್ಲಿ ದಣಿದ ಸ್ನಾಯುಗಳು ಸರಿಹೋಗುವುದು ವಿಶ್ರಾಂತಿಯಲ್ಲಿ. ನಿದ್ದೆಗೆಟ್ಟು ಮಾಡಿದ ತರಬೇತಿ ಮೊಣಕಾಲು ನೋವು, ಪದೇ ಪದೇ ನೆಗಡಿ, ಮನೆಯಲ್ಲಿ ಸಿಡುಕು ಇವುಗಳಾಗಿ ತಿರುಗಿ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಬಡಿತ ಎಂದಿಗಿಂತ ಗಣನೀಯವಾಗಿ ಹೆಚ್ಚಿದ್ದರೆ ಅಂದು ಬಿಡುವು ಕೊಡಿ. ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ತಪ್ಪಿದ್ದನ್ನು ಮರುದಿನ ಸೇರಿಸಿ ಮಾಡಹೋದರೆ ಕೆಡುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ಇತಿಹಾಸ ಇರುವವರು ವೈದ್ಯರಿಗೆ ತೋರಿಸದೆ ಆರಂಭಿಸಬಾರದು. ಓಡುವಾಗ ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ವೈದ್ಯರ ಬಳಿ ಹೋಗಿ. ದೀರ್ಘ ವ್ಯಾಯಾಮದಲ್ಲಿ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಉಪ್ಪಿನಂಶವೂ ಇರಲಿ. ಒಂದು ಗಂಟೆ ಮೀರಿದ ಸೈಕಲ್ ಸವಾರಿಗೆ ಖರ್ಜೂರ, ಬಾಳೆಹಣ್ಣು ಜೇಬಿನಲ್ಲಿರಲಿ. ಕತ್ತಲಲ್ಲಿ ಸವಾರಿ ಬೇಡ. ಅನಿವಾರ್ಯವಾದರೆ ಹಿಂದೆ ಮುಂದೆ ದೀಪ, ತಲೆಗೆ ಹೆಲ್ಮೆಟ್ ಇರಲೇಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ನಡೆಯುತ್ತದೆ. ಅಂದರೆ ಕೊನೆಯ ತಿಂಗಳುಗಳ ಗಟ್ಟಿ ತರಬೇತಿ ಮಳೆಗಾಲದಲ್ಲೇ ಬೀಳುತ್ತದೆ. ಆಗ ಸಮುದ್ರಕ್ಕೆ ಇಳಿಯಲೇಬಾರದು. ಒದ್ದೆ ರಸ್ತೆಯ ನೀರು ತುಂಬಿದ ಹೊಂಡಗಳಲ್ಲಿ ಸೈಕಲ್ ಬಿಡುವುದೂ ಜಾಣತನವಲ್ಲ. ಮನೆಯ ಸ್ಟ್ಯಾಂಡ್ ಮೇಲಿನ ಒಂದು ಗಂಟೆ ಹೊರಗಿನ ಒಂದೂವರೆ ಗಂಟೆಗೆ ಹೆಚ್ಚೂಕಡಿಮೆ ಸಾಟಿ. ಅಲ್ಲಿ ಸಿಗ್ನಲ್ ಇಲ್ಲ, ಇಳಿಜಾರಿಲ್ಲ, ಕಾಲಿಗೆ ಬಿಡುವಿಲ್ಲ. ಮನೆಯವರ ಕಣ್ಣೆದುರೇ ಇರುತ್ತೀರಿ ಎಂಬುದೂ ಲಾಭವೇ. ಮಳೆ ನಿಂತ ಮೇಲೂ ಸಮುದ್ರದಲ್ಲಿ ಒಬ್ಬರೇ ಈಜಬೇಡಿ. ರಮಝಾನ್ ತಿಂಗಳಲ್ಲಿ ದೂರ ಹೆಚ್ಚಿಸುವ ಗೋಜು ಬೇಡ. ಇಫ್ತಾರ್‌ಗೆ ಮೊದಲು ಅಥವಾ ರಾತ್ರಿ ಅರ್ಧ ಗಂಟೆಯ ಹಗುರ ವ್ಯಾಯಾಮ ಸಾಕು.

ಪೂರ್ಣ ದೂರಕ್ಕೆ ಯಾವಾಗ ಹೋಗಬೇಕು? ಮನೆಯಲ್ಲಿ ಹಸುಗೂಸು ಇರುವಾಗ, ಹೆತ್ತವರು ಹಾಸಿಗೆ ಹಿಡಿದಿರುವಾಗ, ಮಕ್ಕಳು ಹತ್ತನೇ ತರಗತಿಯ ಪರೀಕ್ಷೆಗೆ ಓದುತ್ತಿರುವಾಗ ಅಲ್ಲ. ಅಂತಹ ವರ್ಷ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ಒಲಿಂಪಿಕ್ ದೂರ ಸಾಕು, ಅದಕ್ಕೆ ವಾರಕ್ಕೆ ಐದಾರು ಗಂಟೆ ತರಬೇತಿ ಸಾಕಾಗುತ್ತದೆ. ಮಿಲಿಂದ್ ಸೋಮನ್ ಜ್ಯೂರಿಕ್‌ನಲ್ಲಿ ಪೂರ್ಣ ದೂರ ಮುಗಿಸಿದ್ದು 2015ರಲ್ಲಿ, ತಮ್ಮ ಐವತ್ತನೇ ವರ್ಷದಲ್ಲಿ. ಸ್ಪರ್ಧೆ ಐದು ವರ್ಷ ಕಾಯುತ್ತದೆ. ನಾಲ್ಕು ವರ್ಷದ ಮಗು ನಾಲ್ಕು ವರ್ಷದ್ದಾಗಿಯೇ ಕಾಯುವುದಿಲ್ಲ.