ಬಾವಲಿ ಪಂಡಿತರ ಬಾವುಟ

ಸತ್ತ ಬಾವಲಿಯನ್ನು ಮ್ಯೂಸಿಯಂನಲ್ಲಿ ಇಡುವುದಕ್ಕೆ ಒಂದು ಕ್ರಮವಿದೆ. ಕೆಲವನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಮುಳುಗಿಸಿಡುತ್ತಾರೆ. ಕೆಲವನ್ನು ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಹೊಲಿದು ಒಣಗಿಸುತ್ತಾರೆ. ತಲೆಬುರುಡೆಯನ್ನು ಬೇರೆಯಾಗಿ ಶುಚಿಮಾಡಿ ಪುಟ್ಟ ಡಬ್ಬಿಯಲ್ಲಿ ಇಡುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಹಿಂಗಾಲಿಗೆ ಒಂದು ಚೀಟಿ ಕಟ್ಟುತ್ತಾರೆ. ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ, ಅಳತೆ ಎಷ್ಟು, ಹಿಡಿದವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಆ ಚೀಟಿ ಕಳಚಿ ಬಿತ್ತೆಂದರೆ ಪ್ರಾಣಿ ಎಷ್ಟೇ ಅಪರೂಪದ್ದಾಗಿರಲಿ, ವಿಜ್ಞಾನಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದು ಬರೀ ಚರ್ಮ.

ಈ ಕೆಲಸವನ್ನು ಚೆನ್ನಾಗಿ ಬಲ್ಲವರಾಗಿದ್ದರು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆಂಥೊನಿ ಡಿಬ್ಲೇಸ್. ಸಸ್ತನಿಗಳನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡುವ ಒಂದು ಕೈಪಿಡಿಯನ್ನು ರಾಬರ್ಟ್ ಮಾರ್ಟಿನ್ ಎಂಬುವರ ಜೊತೆ ಸೇರಿ ಬರೆದರು. 1974ರಲ್ಲಿ ಬಂದ ಆ ಪುಸ್ತಕ ಕಾಲೇಜುಗಳಲ್ಲಿ ಪಠ್ಯವಾಯಿತು. ಇರಾನಿನ ಬಾವಲಿಗಳ ಬಗ್ಗೆ ಅವರು ಬರೆದ ಗ್ರಂಥವನ್ನು 1980ರಲ್ಲಿ ಚಿಕಾಗೋದ ಫೀಲ್ಡ್ ಮ್ಯೂಸಿಯಂ ಪ್ರಕಟಿಸಿತು. ಆದರೆ ಇಂದು ಡಿಬ್ಲೇಸ್ ಹೆಸರನ್ನು ಬಾವಲಿ ತಜ್ಞರಿಗಿಂತ ಹೆಚ್ಚಾಗಿ ನೆನೆಯುವವರು ಬೇರೆಯೇ ಜನ. 1989ರಲ್ಲಿ ಅವರು ಒಂದು ಬಾವುಟ ಹೊಲಿಸಿದರು. ಅದು ಯಾವ ದೇಶದ್ದೂ ಅಲ್ಲ, ಪಕ್ಷದ್ದೂ ಅಲ್ಲ. ಚರ್ಮದ ಉಡುಪು ತೊಟ್ಟು, ತಮ್ಮಂತೆಯೇ ಗಂಡಸರಾದವರನ್ನು ಪ್ರೀತಿಸಿ ಬಾಳುವ ಜನರ ಬಾವುಟ ಅದು.

ಮುಜುಗರ ಪಡುವವರು ಇಲ್ಲಿಗೇ ಪುಟ ತಿರುಗಿಸಬಹುದು. ಆದರೆ ಇದರಲ್ಲಿ ಮುಜುಗರಕ್ಕಿಂತ ಮನೆವಾರ್ತೆಯ ಸಂಗತಿಯೇ ಹೆಚ್ಚು ಎಂದು ನನ್ನ ಎಣಿಕೆ.

ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳಿದ ಅಮೆರಿಕದ ಸಿಪಾಯಿಗಳಲ್ಲಿ ಎಷ್ಟೋ ಮಂದಿಗೆ ಆಫೀಸಿನ ಕುರ್ಚಿ ಒಗ್ಗಲಿಲ್ಲ. ಮೋಟಾರ್ ಸೈಕಲ್ ಹತ್ತಿ ಗುಂಪು ಕಟ್ಟಿಕೊಂಡು ಊರೂರು ಸುತ್ತಿದರು. ಬಿದ್ದಾಗ ರಸ್ತೆಗೆ ಉಜ್ಜಿ ಮೈ ಕಿತ್ತುಹೋಗದಿರಲಿ ಎಂದು ದಪ್ಪ ಚರ್ಮದ ಜಾಕೆಟ್ಟು ತೊಟ್ಟರು. 1953ರಲ್ಲಿ ಮಾರ್ಲನ್ ಬ್ರಾಂಡೊ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಅಂಥದೇ ಜಾಕೆಟ್ಟು ತೊಟ್ಟು ಬಂದ ಮೇಲೆ ಅದೊಂದು ಗತ್ತಿನ ಉಡುಪಾಯಿತು. ಸಲಿಂಗ ಪ್ರೇಮಿಗಳೆಂದರೆ ಹೆಣ್ಣಿಗರು ಎಂದು ನಗುತ್ತಿದ್ದ ಕಾಲ ಅದು. 'ನಾವು ಹಾಗಲ್ಲ' ಎಂದವರಿಗೆ ಆ ಜಾಕೆಟ್ಟು ಹಿಡಿಸಿತು. 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಸ್ಯಾಟರ್ಸ್' ಎಂಬ ಅವರ ಮೋಟಾರ್ ಸೈಕಲ್ ಕ್ಲಬ್ಬು ಹುಟ್ಟಿತು. ಆಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅವರ ಪ್ರೀತಿ ಅಪರಾಧವೇ. ಆ ಕಾನೂನನ್ನು ಮೊದಲು ತೆಗೆದುಹಾಕಿದ್ದು ಇಲಿನಾಯ್ ರಾಜ್ಯ. ಅದು ಜಾರಿಗೆ ಬಂದದ್ದು 1962ರ ಜನವರಿಯಲ್ಲಿ.

ಈ ಬಳಗದಲ್ಲಿ ಒಬ್ಬರು ಆಜ್ಞೆ ಮಾಡುವುದು, ಇನ್ನೊಬ್ಬರು ಪಾಲಿಸುವುದು, ಕಟ್ಟುವುದು, ಕಟ್ಟಿಸಿಕೊಳ್ಳುವುದು ಇಂಥ ಕೆಲವು ರೂಢಿಗಳಿವೆ. ಹೊರಗಿನವರಿಗೆ ಒರಟಾಗಿ ಕಾಣುತ್ತದೆ. ಒಳಗಿನ ಕಟ್ಟಳೆ ಬೇರೆ: ಮೊದಲೇ ಇಬ್ಬರೂ ಕುಳಿತು ಮಾತಾಡಿಕೊಂಡಿರಬೇಕು, ಸಾಕು ಎಂದರೆ ಸಾಕು. ನ್ಯೂಯಾರ್ಕಿನ ಒಂದು ಸಂಘ 1983ರಲ್ಲಿ ಇದನ್ನು ಮೂರೇ ಮಾತಿನಲ್ಲಿ ಹೇಳಿತು. ಅಪಾಯವಿಲ್ಲದೆ, ವಿವೇಕದಿಂದ, ಪರಸ್ಪರ ಒಪ್ಪಿಗೆಯಿಂದ ಎಂಬುದು ಅದರ ತಾತ್ಪರ್ಯ. ಗಂಡ ಹೆಂಡತಿಯ ನಡುವೆ ಒಪ್ಪಿಗೆಯ ಮಾತನ್ನೇ ಎತ್ತದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಡಿಬ್ಲೇಸ್ ಈ ವಿಷಯಕ್ಕೆಂದೇ ಒಂದು ಪತ್ರಿಕೆ ನಡೆಸಿದರು. ಹೆಸರು 'ಡಂಜನ್‌ಮಾಸ್ಟರ್'. ಹೆಸರು ಕೇಳಿದರೆ ಎದೆ ನಡುಗೀತು. ಆದರೆ ಅದರ ಉದ್ದೇಶ ಯಾರಿಗೂ ಪೆಟ್ಟಾಗದಂತೆ ಸರಿಯಾದ ವಿಧಾನ ಕಲಿಸುವುದು. ಆಸಿಡ್ಡಿಗೆ ನೀರು ಸುರಿಯಬೇಡಿ, ನೀರಿಗೆ ಆಸಿಡ್ಡು ಸುರಿಯಿರಿ ಎಂದು ವರ್ಷವರ್ಷವೂ ಹೇಳುವ ನಮ್ಮಂಥ ಮೇಷ್ಟರ ಜಾತಿಯೇ ಅವರದೂ. ಕಥೆ ಬರೆಯುವಾಗ ಅವರು ಇಟ್ಟುಕೊಂಡ ಹೆಸರು 'ಫ್ಲೆಡರ್‌ಮೌಸ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬಾವಲಿ.

ಇಂಥ ಜೋಡಿಗಳ ದಿನಚರಿಯಲ್ಲಿ ಚರ್ಮದ ಆರೈಕೆಗೆ ದೊಡ್ಡ ಪಾಲು. ಹಸಿ ಚರ್ಮದಲ್ಲಿ ಇರುವುದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತಾಗುತ್ತದೆ. ಹದ ಮಾಡುವುದೆಂದರೆ ಆ ಎಳೆಗಳ ನಡುವೆ ರಾಸಾಯನಿಕ ಬೆಸುಗೆ ಹಾಕುವುದು. ನಮ್ಮಲ್ಲಿ ತಂಗಡಿ ತೊಗಟೆಯ ಟ್ಯಾನಿನ್ನಿನಿಂದ ಮಾಡುತ್ತಿದ್ದುದನ್ನು ಈಗ ಹೆಚ್ಚಾಗಿ ಕ್ರೋಮಿಯಂ ಲವಣಗಳಿಂದ ಮಾಡುತ್ತಾರೆ. ಹದವಾದ ಮೇಲೂ ಚರ್ಮ ನೆಮ್ಮದಿಯ ವಸ್ತುವಲ್ಲ. ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಬಿರುಕು. ಒದ್ದೆಯಾದರೆ ಬಿಸಿಲಿಗೆ ಹಾಕುವಂತಿಲ್ಲ, ನೆರಳಿನಲ್ಲೇ ಆರಬೇಕು. ಸೋಪಿನಿಂದ ಒರೆಸಬೇಕು, ಎಣ್ಣೆ ಕುಡಿಸಬೇಕು, ಮಡಿಕೆ ಬೀಳದಂತೆ ಅಗಲವಾದ ಹ್ಯಾಂಗರಿಗೆ ತೂಗುಹಾಕಬೇಕು. ಬೂಟಿಗೆ ಪಾಲಿಷ್ ಹಾಕುವುದು ನಮ್ಮಲ್ಲಿ ಕೀಳು ಕೆಲಸ. ಅವರಲ್ಲಿ ಅದು ಮರ್ಯಾದೆಯ ಕಸುಬು. 1993ರಿಂದ ಅದಕ್ಕೆ ಅಂತಾರಾಷ್ಟ್ರೀಯ ಸ್ಪರ್ಧೆಯೇ ಇದೆ. ಒಬ್ಬರ ಬೂಟನ್ನು ಇನ್ನೊಬ್ಬರು ಹೊಳೆಯುವಂತೆ ತಿಕ್ಕಿಕೊಡುವುದು ಅವರ ಪ್ರೀತಿಯ ಭಾಷೆಯಲ್ಲಿ ಒಂದು ವಾಕ್ಯ.

ಇನ್ನು ಪ್ರಯಾಣ. ಕ್ಲಬ್ಬುಗಳು ರಜೆಯ ದಿನಗಳಲ್ಲಿ 'ರನ್' ಏರ್ಪಡಿಸುತ್ತಿದ್ದವು. ನಗರದಿಂದ ದೂರ, ಬೆಟ್ಟದಲ್ಲೋ ಕಾಡಿನಲ್ಲೋ ಡೇರೆ ಹಾಕಿ ಎರಡು ಮೂರು ದಿನ ಅಡುಗೆ, ಆಟ, ನಾಟಕ. ಪೊಲೀಸರ ಕಾಟವಿಲ್ಲದ ಜಾಗ ಬೇಕಿತ್ತಲ್ಲ! ಬಂದವರಿಗೆಲ್ಲ ಒಂದು ಪುಟ್ಟ ಲೋಹದ ಬಿಲ್ಲೆ ಕೊಡುವುದು ವಾಡಿಕೆ. ಬಿಲ್ಲೆಯ ಮೇಲೆ ಕ್ಲಬ್ಬಿನ ಹೆಸರು, ರನ್ನಿನ ಹೆಸರು, ವರ್ಷ. ಅದನ್ನು ತೋಳಿಲ್ಲದ ಚರ್ಮದ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದರು. ಹತ್ತು ವರ್ಷ ತಿರುಗಿದವರ ಅಂಗಿ ಬಿಲ್ಲೆಗಳಿಂದಲೇ ಭಾರವಾಗುತ್ತಿತ್ತು.

ಎಲ್ಲಿ, ಯಾವ ವರ್ಷ, ಯಾರ ಜೊತೆ. ಪ್ರಾಣಿಶಾಸ್ತ್ರಜ್ಞರ ಕಣ್ಣಿಗೆ ಇದು ಏನು ಹೇಳಿ? ಹಿಂಗಾಲಿನ ಚೀಟಿಯೇ ಅಲ್ಲವೆ? ಒಂದೇ ಬೀರುವಿನಲ್ಲಿ ತೂಗುಹಾಕಿದ ಎರಡು ಅಂಗಿಗಳ ಮೇಲೆ ಅವೇ ಊರುಗಳ, ಅವೇ ವರ್ಷಗಳ ಬಿಲ್ಲೆಗಳಿದ್ದರೆ ಆ ಇಬ್ಬರು ಎಷ್ಟು ಕಾಲ ಒಟ್ಟಿಗಿದ್ದರೆಂದು ಓದಬಹುದು. ಮದುವೆಯ ಫೋಟೋ, ಲಗ್ನಪತ್ರಿಕೆ, ರೇಷನ್ ಕಾರ್ಡು ಯಾವುದೂ ಇಲ್ಲದ ಸಂಸಾರಕ್ಕೆ ಅಷ್ಟೇ ದಾಖಲೆ.

ಈ ಬಳಗದ ಹಳೆಯ ಜೋಡಿಗಳಲ್ಲಿ ಚಿಕಾಗೋದ ಚಕ್ ರೆನ್‌ಸ್ಲೋ ಮತ್ತು ಡಾಮ್ ಒರೆಹೂಡೋಸ್ ಹೆಸರು ದೊಡ್ಡದು. ರೆನ್‌ಸ್ಲೋ 1929ರಲ್ಲಿ ಹುಟ್ಟಿದವರು, ಫೋಟೋಗ್ರಾಫರ್. ಒರೆಹೂಡೋಸ್ 1933ರಲ್ಲಿ ಹುಟ್ಟಿದವರು, ಬ್ಯಾಲೆ ನರ್ತಕ. 1950ರ ದಶಕದ ಆರಂಭದಲ್ಲಿ ಚಿಕಾಗೋದಲ್ಲಿ ಇಬ್ಬರಿಗೂ ಪರಿಚಯವಾಯಿತು. ಮೈಕಟ್ಟಿನ ಗಂಡಸರ ಚಿತ್ರ ತೆಗೆಯುವ ಸ್ಟುಡಿಯೋ ಕಟ್ಟಿದರು. 1960ರ ಸುಮಾರಿಗೆ 'ಗೋಲ್ಡ್ ಕೋಸ್ಟ್' ಎಂಬ ಬಾರು ನಡೆಸತೊಡಗಿದರು. ಚರ್ಮದ ಉಡುಪಿನವರಿಗೆಂದೇ ಇದ್ದ ಬಾರುಗಳಲ್ಲಿ ಅದು ಮೊದಮೊದಲಿನದು. ಒರೆಹೂಡೋಸ್ ಹಗಲು ಬ್ಯಾಲೆ ಕಂಪನಿಯಲ್ಲಿ ಕುಣಿಯುತ್ತ, ಇತರರಿಗೆ ನೃತ್ಯ ಸಂಯೋಜಿಸುತ್ತ, ಸಂಗೀತ ನಾಟಕಗಳ ಜೊತೆ ಊರೂರು ತಿರುಗುತ್ತ ಇದ್ದರು. ಉಳಿದ ಹೊತ್ತಿನಲ್ಲಿ 'ಎಟಿಯೆನ್' ಎಂಬ ಹೆಸರಿನಿಂದ ಚಿತ್ರ ಬರೆಯುತ್ತಿದ್ದರು. ಬಾರಿನ ಗೋಡೆಗೆ ಅವರದೇ ದೊಡ್ಡ ಚಿತ್ರಗಳು. 1979ರಲ್ಲಿ ಶುರುವಾದ 'ಇಂಟರ್‌ನ್ಯಾಷನಲ್ ಮಿಸ್ಟರ್ ಲೆದರ್' ಎಂಬ ಸ್ಪರ್ಧೆಯ ಹಿಂದೆಯೂ ಈ ಇಬ್ಬರಿದ್ದರು. ಮೇ ತಿಂಗಳ ಕೊನೆಗೆ ಅಲ್ಲಿ ನೆರೆಯುವ ಜನಕ್ಕೆ ಅದೊಂದು ವಾರ್ಷಿಕ ಜಾತ್ರೆ.

ಇವರದು ನಾವು ಹೇಳುವ ಏಕಪತ್ನೀವ್ರತದ ಮಾದರಿಯಲ್ಲ. ಬೇರೆ ಒಡನಾಡಿಗಳೂ ಸೇರಿ ಅದೊಂದು ಕೂಡು ಕುಟುಂಬದಂತೆ ಇತ್ತು. ನಮ್ಮ ಅಳತೆಗೋಲು ಅಲ್ಲಿ ಹೊಂದುವುದಿಲ್ಲ. ಆದರೂ ನಂಟು ನಲವತ್ತು ವರ್ಷದ ಹತ್ತಿರ ಬಾಳಿತು. ಸರ್ಕಾರ, ಚರ್ಚು, ನೆಂಟರು ಯಾರ ಒತ್ತಾಸೆಯೂ ಇಲ್ಲದೆ ಎನ್ನುವುದನ್ನು ಗಮನಿಸಬೇಕು.

ಡಿಬ್ಲೇಸ್ ಅವರ ಸಂಗಾತಿ ಆಂಡ್ರ್ಯೂ ಚಾರ್ಲ್ಸ್. ಇಬ್ಬರೂ ಸೇರಿ 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 'ಡ್ರಮ್ಮರ್' ಪತ್ರಿಕೆಯನ್ನು ಕೊಂಡರು. 1975ರಿಂದ ನಡೆಯುತ್ತಿದ್ದ ಆ ಪತ್ರಿಕೆ ಈ ಬಳಗದ ಮುಖವಾಣಿ. ಮನೆಯ ಜೋಡಿಯೇ ಕಸುಬಿನ ಜೋಡಿಯೂ ಆಯಿತು. ಹಗಲಿನ ಲೆಕ್ಕಾಚಾರದ ಜಗಳ ರಾತ್ರಿ ಊಟಕ್ಕೂ ಬರುವುದು ಎಂಥದೆಂದು ಅಂಗಡಿ ಇಟ್ಟ ದಂಪತಿಗಳನ್ನು ಕೇಳಿದರೆ ತಿಳಿಯುತ್ತದೆ. ಆರು ವರ್ಷ ನಡೆಸಿದರು. ನಡುವೆ 1989ರ ಅಕ್ಟೋಬರ್ 17ರ ಭೂಕಂಪ ಆ ನಗರವನ್ನು ಅಲುಗಿಸಿತು, ಪತ್ರಿಕೆಯ ಕಚೇರಿಗೂ ಪೆಟ್ಟು ಬಿತ್ತು. 1992ರಲ್ಲಿ ಪತ್ರಿಕೆಯನ್ನು ಮಾರಿದರು.

ಬಾವುಟ ಬಂದದ್ದು ಆ ಭೂಕಂಪಕ್ಕೆ ಕೆಲವು ತಿಂಗಳು ಮೊದಲು. 1989ರ ಮೇ 28ರಂದು ಚಿಕಾಗೋದ ಅದೇ ವಾರ್ಷಿಕ ಸ್ಪರ್ಧೆಯಲ್ಲಿ ಡಿಬ್ಲೇಸ್ ಅದನ್ನು ಬಿಚ್ಚಿ ತೋರಿಸಿದರು. ಒಂಬತ್ತು ಅಡ್ಡಪಟ್ಟಿ: ನಾಲ್ಕು ಕಪ್ಪು, ನಾಲ್ಕು ನೀಲಿ, ನಡುವೆ ಒಂದು ಬಿಳಿ. ಎಡಗಡೆಯ ಮೇಲಿನ ಮೂಲೆಯಲ್ಲಿ ಕೆಂಪು ಹೃದಯ. ಯಾವ ಬಣ್ಣಕ್ಕೆ ಏನರ್ಥ ಎಂದು ಎಲ್ಲರೂ ಕೇಳಿದರು. ನೋಡಿದವರೇ ಅರ್ಥ ಮಾಡಿಕೊಳ್ಳಲಿ ಎಂದುಬಿಟ್ಟರು. ಕಂಡದ್ದಕ್ಕೆಲ್ಲ ಚೀಟಿ ಅಂಟಿಸಿ ಅಭ್ಯಾಸವಾದವರು ಇದೊಂದಕ್ಕೆ ಅಂಟಿಸಲಿಲ್ಲ!

ಆ ಹೊತ್ತಿಗೆ ರೋಗ ಹರಡಿತ್ತು. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರದ ವರದಿಯಲ್ಲಿ ಐದು ಜನ ಯುವಕರ ವಿಚಿತ್ರ ನ್ಯುಮೋನಿಯಾದ ಸುದ್ದಿ ಬಂತು. ಏಡ್ಸ್ ಎಂದು ಹೆಸರು ಬಂದದ್ದು ಆಮೇಲೆ. ವೈರಸ್ಸನ್ನು ನಿಜಕ್ಕೂ ಹಿಡಿದು ನಿಲ್ಲಿಸುವ ಔಷಧಗಳ ಜೋಡಣೆ ಸಿಕ್ಕಿದ್ದು 1996ರ ಸುಮಾರಿಗೆ. ನಡುವಿನ ಹದಿನೈದು ವರ್ಷ ಈ ಬಳಗದಲ್ಲಿ ಸಾವಿನ ಮೇಲೆ ಸಾವು. ಸತ್ತ ಮೇಲೆ ಆಗುತ್ತಿದ್ದುದು ಇನ್ನೊಂದು. ವರ್ಷಗಟ್ಟಲೆ ಮುಖ ನೋಡದಿದ್ದ ಹುಟ್ಟಿದ ಮನೆಯವರು ಬರುತ್ತಿದ್ದರು. ಕಾನೂನಿನ ಪ್ರಕಾರ ವಾರಸುದಾರರು ಅವರೇ. ಆಸ್ಪತ್ರೆಯಲ್ಲಿ ಮಲ ಮೂತ್ರ ಬಾಚಿದ ಸಂಗಾತಿ ಅವರ ಲೆಕ್ಕದಲ್ಲಿ ಯಾರೂ ಅಲ್ಲ. ಕಪಾಟು ತೆಗೆದು ನೋಡಿ, ನಾಚಿಕೆಯಿಂದ, ಚರ್ಮದ ಅಂಗಿ, ಬೂಟು, ಕಾಗದ, ಫೋಟೋ ಎಲ್ಲವನ್ನೂ ಕಸಕ್ಕೆ ಎಸೆಯುತ್ತಿದ್ದರು. ಬಿಲ್ಲೆಗಳ ಸಮೇತ. ಮನುಷ್ಯ ಹೋದರು, ಜೊತೆಗೆ ಚೀಟಿಯೂ ಹೋಯಿತು.

ಒರೆಹೂಡೋಸ್ ಏಡ್ಸ್‌ನಿಂದ 1991ರ ಸೆಪ್ಟೆಂಬರಿನಲ್ಲಿ ಕೊಲೊರಾಡೊದಲ್ಲಿ ತೀರಿಕೊಂಡರು. ಅದೇ ವರ್ಷ ರೆನ್‌ಸ್ಲೋ ಮತ್ತು ಡಿಬ್ಲೇಸ್ ಸೇರಿ ಚಿಕಾಗೋದಲ್ಲಿ 'ಲೆದರ್ ಆರ್ಕೈವ್ಸ್ ಅಂಡ್ ಮ್ಯೂಸಿಯಂ' ಸ್ಥಾಪಿಸಿದರು. ಅಂಗಿ, ಬೂಟು, ಬಿಲ್ಲೆ, ಪತ್ರ, ಪತ್ರಿಕೆ, ಕ್ಲಬ್ಬಿನ ನಡವಳಿ ಪುಸ್ತಕ ಏನಿದ್ದರೂ ಕೊಡಿ, ಎಸೆಯಬೇಡಿ ಎಂದು ಕೇಳಿಕೊಂಡು ಕೂಡಿಸಿದರು. ಒಬ್ಬರು ಸಂಗಾತಿಯ ಚಿತ್ರಗಳನ್ನು ಕಾಪಾಡಬೇಕಾಗಿದ್ದವರು, ಇನ್ನೊಬ್ಬರು ಚರ್ಮವನ್ನು ಚೀಟಿಯೊಂದಿಗೆ ನೂರು ವರ್ಷ ಕಾಪಾಡುವುದು ಹೇಗೆಂದು ಬಲ್ಲವರು. ಇದಕ್ಕಿಂತ ಒಳ್ಳೆಯ ಜೊತೆ ಸಿಕ್ಕೀತೆ? 1999ರಲ್ಲಿ ನಗರದ ಉತ್ತರಕ್ಕಿರುವ ರಾಜರ್ಸ್ ಪಾರ್ಕ್ ಬಡಾವಣೆಯಲ್ಲಿ ಅದಕ್ಕೆ ಸ್ವಂತ ಕಟ್ಟಡವೂ ಆಯಿತು.

ಡಿಬ್ಲೇಸ್ 2000ದಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ನಿಧನರಾದರು. ಆಗ ಅಮೆರಿಕದ ಯಾವ ರಾಜ್ಯದಲ್ಲೂ ಇಬ್ಬರು ಗಂಡಸರು ಮದುವೆಯಾಗುವಂತಿರಲಿಲ್ಲ. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2015ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ತಾರೀಖುಗಳ ಹುಚ್ಚಿರುವವರಿಗೆ ಒಂದು ಸಂಗತಿ: 'ಲೈಫ್' ಪತ್ರಿಕೆ ಚರ್ಮದ ಜಾಕೆಟ್ಟಿನ ಈ ಜನರನ್ನು ಮೊದಲ ಸಲ ದೊಡ್ಡ ಚಿತ್ರ ಹಾಕಿ ಅಮೆರಿಕದ ಮನೆಮನೆಗೆ ತೋರಿಸಿದ ಸಂಚಿಕೆಯ ದಿನಾಂಕವೂ ಜೂನ್ 26. ವರ್ಷ 1964. ರೆನ್‌ಸ್ಲೋ ಎರಡನ್ನೂ ಕಂಡು, 2017ರ ಜೂನ್ ಕೊನೆಗೆ ತೀರಿಕೊಂಡರು. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪು ಅಪರಾಧವನ್ನು ತೆಗೆಯಿತು. ಮದುವೆಯ ಮಾನ್ಯತೆಯನ್ನು ಮಾತ್ರ ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಕೊಡಲಿಲ್ಲ.

ಚಿಕಾಗೋಗೆ ಹೋಗುವ ಕನ್ನಡಿಗರು 1893ರಲ್ಲಿ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡವನ್ನು ತಪ್ಪದೆ ನೋಡಿ ಬರುತ್ತಾರೆ. ರಾಜರ್ಸ್ ಪಾರ್ಕಿನ ಈ ಮ್ಯೂಸಿಯಂ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವಂತಿಲ್ಲ, ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ. ಒಳಗಿನ ಸಭಾಂಗಣಕ್ಕೆ ಎಟಿಯೆನ್ ಹೆಸರಿಟ್ಟಿದ್ದಾರೆ. 'ಗೋಲ್ಡ್ ಕೋಸ್ಟ್' ಬಾರಿನ ಗೋಡೆಯಲ್ಲಿದ್ದ ಅವರ ಚಿತ್ರಗಳು ಈಗ ಅಲ್ಲಿವೆ.