ಕಣ್ಣಿನ ಪರೀಕ್ಷೆ ಕನ್ನಡಕದಲ್ಲಿಯೇ ಮುಗಿಯಬೇಕೆ?

ನಲವತ್ತು ದಾಟಿದವರು ಅಕ್ಷರ ಮಸುಕಾಯಿತೆಂದು ಕನ್ನಡಕದ ಅಂಗಡಿಗೆ ಹೋಗುತ್ತಾರೆ. ನಂಬರು ಬರೆಸಿಕೊಂಡು, ಚೌಕಟ್ಟು ಆರಿಸಿಕೊಂಡು ಮನೆಗೆ ಮರಳುತ್ತಾರೆ. ಕಣ್ಣಿನೊಳಗೆ ಇಣಿಕಿ ನೋಡುವ ಗೋಜಿಗೆ ಅಲ್ಲಿ ಯಾರೂ ಹೋಗುವುದಿಲ್ಲ. ಇದು ದೊಡ್ಡ ನಷ್ಟವೆಂದು ನಮ್ಮ ಅಭಿಪ್ರಾಯ.

ಕೊಯ್ಯದೆ, ಚುಚ್ಚದೆ ರಕ್ತನಾಳಗಳನ್ನು ಇಷ್ಟು ಸ್ಪಷ್ಟವಾಗಿ ಕಾಣಬಹುದಾದ ಸ್ಥಳ ಕಣ್ಣಿನ ಹಿಂಬದಿಯ ಅಕ್ಷಿಪಟಲವಲ್ಲದೆ ಶರೀರದಲ್ಲಿ ಮತ್ತೊಂದಿಲ್ಲ. 1851ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಲೋಕದ ಮುಂದಿಟ್ಟಂದಿನಿಂದ ಈ ನೋಟ ವೈದ್ಯರಿಗೆ ಎಟುಕಿದೆ. ಆರೋಗ್ಯವಂತರ ಅಪಧಮನಿಯ ಗೋಡೆ ಪಾರದರ್ಶಕ. ಕಾಣುವುದು ಒಳಗೆ ಹರಿಯುವ ರಕ್ತದ ಕೆಂಪು, ಅದರ ನಡುವೆ ಬೆಳಕಿನ ಒಂದು ತೆಳುಗೆರೆ. ರಕ್ತದ ಒತ್ತಡ ಬಹುಕಾಲ ಏರಿಯೇ ಇದ್ದರೆ ಆ ಗೋಡೆ ದಪ್ಪನಾಗಿ ಗಡುಸಾಗುತ್ತದೆ. ಬೆಳಕಿನ ಗೆರೆ ಅಗಲವಾಗಿ, ನಾಳವು ಮೊದಲು ತಾಮ್ರದ ತಂತಿಯಂತೆ, ಮುಂದೆ ಬೆಳ್ಳಿಯ ತಂತಿಯಂತೆ ತೋರುತ್ತದೆ. ಅಪಧಮನಿಯು ಸಿರೆಯನ್ನು ಹಾಯ್ದು ಹೋಗುವೆಡೆಯಲ್ಲಿ ಎರಡಕ್ಕೂ ಹೊದಿಕೆ ಒಂದೇ. ಗಡುಸಾದ ಅಪಧಮನಿ ಮೆತ್ತನೆಯ ಸಿರೆಯನ್ನು ಅದುಮುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಒಂದು ದಿನ ಎದ್ದು ನೋಡುವಾಗ ಆ ಕಣ್ಣಿನ ದೃಷ್ಟಿಯೇ ಮಂಕಾಗಿರುವುದುಂಟು. ಅಲ್ಲಿಯವರೆಗೆ ನೋವೆಂಬುದೇ ಇಲ್ಲ!

ಮಿದುಳು, ಮೂತ್ರಪಿಂಡಗಳ ಸಣ್ಣ ನಾಳಗಳೂ ಅದೇ ಒತ್ತಡವನ್ನು ತಾಳುತ್ತಿರುತ್ತವಷ್ಟೆ. 1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್, ಬಾರ್ಕರ್ ಎಂಬ ವೈದ್ಯರು, ಒತ್ತಡ ಏರಿದ್ದ 219 ರೋಗಿಗಳನ್ನು ಅಕ್ಷಿಪಟಲದ ಸ್ಥಿತಿಯನ್ನು ಮುಖ್ಯವಾಗಿಟ್ಟುಕೊಂಡು ನಾಲ್ಕು ವರ್ಗ ಮಾಡಿದರು. ಮೂರು ವರ್ಷಗಳ ತರುವಾಯ ಮೊದಲ ವರ್ಗದಲ್ಲಿ ನೂರಕ್ಕೆ 70 ಮಂದಿ ಬದುಕಿದ್ದರು; ದೃಷ್ಟಿನರದ ತಲೆ ಊದಿದ್ದ ನಾಲ್ಕನೆಯ ವರ್ಗದಲ್ಲಿ ಉಳಿದವರು ನೂರಕ್ಕೆ 6. ಒತ್ತಡ ಇಳಿಸುವ ಒಳ್ಳೆಯ ಔಷಧಿಗಳು ಅಂದು ಇರಲಿಲ್ಲ. ಇಂದು ಇವೆ, ಅವುಗಳಲ್ಲಿ ಹಲವು ಅಗ್ಗವೂ ಹೌದು.

ಹಾಗೆಂದು ಕಣ್ಣಿನೊಳಗೆ ಜಾತಕ ಬರೆದಿದೆಯೆಂದು ಭಾವಿಸಲಾಗದು. ಆರಂಭದ ಗುರುತುಗಳ ವಿಷಯದಲ್ಲಿ ಒಬ್ಬ ವೈದ್ಯರು ಕಂಡದ್ದನ್ನು ಮತ್ತೊಬ್ಬರು ಒಪ್ಪದಿರಬಹುದು. ವಯಸ್ಸಿನಿಂದಲೂ ನಾಳ ಗಡುಸಾಗುತ್ತದೆ. ಅಕ್ಷಿಪಟಲ ನಿರ್ಮಲವಾಗಿರುವವರಲ್ಲಿಯೂ ಒತ್ತಡ 140/90ನ್ನು ಮೀರಿರಬಹುದು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದು ಹೇಗೂ ತಪ್ಪದು.

ಈ ಎರಡು ಪರೀಕ್ಷೆಗಳೂ ಒಂದೇ ಕಡೆ ನಡೆಯಲಿ ಎಂಬುದು ನಮ್ಮ ಬೇಡಿಕೆ. ಡಾ. ಎಂ. ಸಿ. ಮೋದಿಯವರ ಕಾಲದಿಂದಲೂ ನೇತ್ರಶಿಬಿರ ನಮ್ಮ ನಾಡಿಗೆ ಹೊಸದಲ್ಲ. ಅಲ್ಲಿ ಕನ್ನಡಕಕ್ಕಾಗಿ ಸಾಲುನಿಂತವರ ತೋಳಿಗೂ ಆ ಪಟ್ಟಿ ಕಟ್ಟಲಿ. ಪಾಪೆ ಹಿಗ್ಗಿಸಿ ನೋಡಿದ ನೇತ್ರವೈದ್ಯರಿಗೆ ತಾಮ್ರದ ತಂತಿ ಕಂಡರೆ, ನಂಬರಿನ ಚೀಟಿಯ ಕೆಳಗೆಯೇ ಒಂದು ಸಾಲು ಬರೆದು ಸಾಮಾನ್ಯ ವೈದ್ಯರ ಬಳಿಗೆ ಕಳುಹಿಸಲಿ.