ಕಂಟ್ರಿ ಗಾಸ್ಪೆಲ್ ಮಾರುಕಟ್ಟೆಯ ಕೂಸಲ್ಲ
ಅಮೆರಿಕದ ದಕ್ಷಿಣ ರಾಜ್ಯಗಳ ಕಂಟ್ರಿ ಗಾಸ್ಪೆಲ್, ಅಂದರೆ ಗ್ರಾಮೀಣ ಧಾಟಿಯಲ್ಲಿ ಕ್ರೈಸ್ತ ಭಕ್ತಿಯನ್ನು ಹಾಡುವ ಗೀತಪ್ರಕಾರ, ಧ್ವನಿಮುದ್ರಿಕೆಗಳ ಮಾರಾಟಕ್ಕೆಂದೇ ಹುಟ್ಟಿದ, ಬಿಳಿಯರಿಗಷ್ಟೇ ಸೇರಿದ ಸರಕು ಎಂಬ ವಾದ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಕಂಟ್ರಿ ಗಾಯಕ ಜಾನಿ ಕ್ಯಾಶ್ ಭಕ್ತಿಗೀತೆಗಳನ್ನು ಹಾಡಬಯಸಿದಾಗ, ಅವು ಮಾರಾಟವಾಗವೆಂದು ಹಿಂಜರಿದದ್ದು ಮೆಂಫಿಸ್‌ನ ಸನ್ ರೆಕಾರ್ಡ್ಸ್ ಸಂಸ್ಥೆಯೇ. ಅವರು ಸಂಸ್ಥೆಯನ್ನೇ ಬದಲಿಸಿ, 1959ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಮೂಲಕ ಅಂಥ ಗೀತೆಗಳ ಇಡೀ ಸಂಪುಟವನ್ನು ಹೊರತಂದದ್ದನ್ನು ಲಾಭದ ಲೆಕ್ಕವೊಂದೇ ವಿವರಿಸಲಾರದು. ಬಿಳಿಯರಿಗಷ್ಟೇ ಸೇರಿದ್ದೆನ್ನುವುದಂತೂ ಕಪ್ಪು ಕಲಾವಿದರಿಗೆ ಎಸಗುವ ಅನ್ಯಾಯ: 1951ರಲ್ಲಿ ಬಿಳಿಯ ಕಂಟ್ರಿ ಗಾಯಕ ರೆಡ್ ಫೋಲಿ ಹಾಡಿ ಮನೆಮಾತಾಗಿಸಿದ ‘ಪೀಸ್ ಇನ್ ದ ವ್ಯಾಲಿ’ಯನ್ನು ರಚಿಸಿದವರು ಷಿಕಾಗೋದ ಕಪ್ಪು ವಾಗ್ಗೇಯಕಾರ ಥಾಮಸ್ ಡಾರ್ಸಿ; ಕಂಟ್ರಿ ಗಾಯನ ತಂಡವಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡುಗಳನ್ನು ಸಂಗ್ರಹಿಸಲು ಊರೂರು ಅಲೆದಾಗ, ಧಾಟಿಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದವರು ಕಪ್ಪು ಗಿಟಾರ್ ವಾದಕ ಲೆಸ್ಲಿ ರಿಡಲ್.